ಬಾಣಂತಿಯ ನ್ಜಾಹಿ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಕಟ್ಟಡಗಳನ್ನೂ ಕಾಡುಮೃಗಗಳನ್ನೂ ವರ್ಣಿಸಬೇಕೆಂಬುದು ವಾಡಿಕೆ. ನಾನು ಕೆನ್ಯಾ ದೇಶದಲ್ಲಿ ಎಂಟು ವಾರ ಇದ್ದು ಬಂದವಳೆಂದು ತಿಳಿದ ಗೆಳತಿಯರು ಮೊದಲು ಕೇಳುವುದು ಸಿಂಹದ ವಿಷಯವನ್ನು. ಸಿಂಹವನ್ನು ನಾನು ನೋಡಲಿಲ್ಲ. ಸಿಂಹ ಹಾಗಿರಲಿ, ಜಿರಾಫೆಯ ಕತ್ತು ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ನೋಡಿದ್ದು ಒಂದು ಅಡುಗೆಮನೆ, ಅದರ ಹಿತ್ತಲು, ಹಿತ್ತಲಿನಲ್ಲಿ ನಾಲ್ಕು ಬಾಳೆಯ ಗಿಡ, ಮತ್ತು ಒಂದು ಕರಿಯ ಕಾಳು. ಆ ಕಾಳಿನ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ಎಲ್ಲಾದರೂ ಹೇಳಿಕೊಳ್ಳಬೇಕೆಂದಿದ್ದೆ. ವಾರ್ಷಿಕ ಸಂಚಿಕೆಯ ಸಂಪಾದಕರು ಪ್ರಬಂಧ ಬೇಕೆಂದು ಕೇಳಿದ್ದು ಒಳ್ಳೆಯದೇ ಆಯಿತು.

ನಮ್ಮ ಭಾವ ಥೀಕಾ ಎಂಬ ಪಟ್ಟಣದ ಒಂದು ಗಿರಣಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದಾರೆ. ಥೀಕಾ ರಾಜಧಾನಿ ನೈರೋಬಿಗೆ ಸುಮಾರು 40 ಕಿಲೋಮೀಟರ್ ದೂರ. ಸಮುದ್ರಮಟ್ಟಕ್ಕಿಂತ ಸುಮಾರು 1500 ಮೀಟರ್ ಎತ್ತರದ ಊರು. ಆಫ್ರಿಕವೆಂದರೆ ಬರೀ ಉರಿಬಿಸಿಲೆಂದು ನಂಬಿ ತೆಳುವಾದ ಬಟ್ಟೆಗಳನ್ನೇ ಒಯ್ದಿದ್ದ ನಾವು ರಾತ್ರಿ ಅಕ್ಕನ ಶಾಲುಗಳನ್ನು ಕೇಳಿ ಹೊದೆಯಬೇಕಾಯಿತು. ಅಕ್ಕನದು ಚೊಚ್ಚಲ ಹೆರಿಗೆ. ಅಷ್ಟು ದೂರದ ಪ್ರಯಾಣ ಬೇಡವೆಂದು ಅಲ್ಲಿಯ ವೈದ್ಯರು ಹೇಳಿದ್ದರಿಂದ ಅವಳು ತವರಿಗೆ ಬರುವ ಬದಲು ತವರೇ ಅವಳ ಬಳಿಗೆ ಹೋಗಬೇಕಾಯಿತು. 2023ರ ಮಾರ್ಚ್ ಕೊನೆಯಲ್ಲಿ ಅಮ್ಮ ಹೊರಟಳು. ಅಮ್ಮನಿಗೆ ಕನ್ನಡವಲ್ಲದೆ ಬೇರೆ ಮಾತು ಬಾರದು. ಆದ್ದರಿಂದ ದುಭಾಷಿಯಾಗಿ ನಾನು. ನನ್ನ ಇಂಗ್ಲಿಷು ಎಷ್ಟರ ಮಟ್ಟಿನದೆಂಬುದನ್ನು ನಮ್ಮ ಇಂಗ್ಲಿಷ್ ಉಪನ್ಯಾಸಕರು ಬಲ್ಲರು. ಅವರು ದಯವಿಟ್ಟು ಇಲ್ಲಿ ನಗಬಾರದು.

ಅಮ್ಮನ ಪೆಟ್ಟಿಗೆಯಲ್ಲಿ ಅವಳ ಸೀರೆಗಳಿಗಿಂತ ಬಾಣಂತಿಯ ಸಾಮಾನೇ ಹೆಚ್ಚಾಗಿತ್ತು. ಒಣಕೊಬ್ಬರಿ, ಮೆಣಸು, ಓಮ, ಶುಂಠಿ, ಬಜೆ, ಅಂಟು, ಇಂಗು, ಬೆಳ್ಳುಳ್ಳಿಯ ಒಂದು ದೊಡ್ಡ ಗಂಟು. ಮಾಗಡಿಯ ಕಡೆಯ ಬೆಳ್ಳುಳ್ಳಿ ಆಫ್ರಿಕದಲ್ಲಿ ಸಿಕ್ಕೀತೆ ಎಂಬುದು ಅವಳ ಯೋಚನೆ. ಸಿಕ್ಕಿತು, ಬೇಕಾದಷ್ಟು ಸಿಕ್ಕಿತು. ಆ ಮಾತು ಬೇರೆ.

ಅಕ್ಕನ ಮನೆಯ ಹಿತ್ತಲಿಗೂ ಪಕ್ಕದ ತೋಟಕ್ಕೂ ನಡುವೆ ಒಂದು ಮುಳ್ಳಿನ ಬೇಲಿ. ಆ ತೋಟದಲ್ಲಿ ಮುಸುಕಿನ ಜೋಳ, ಗೆಣಸು, ಬಾಳೆ, ಹತ್ತು ಹನ್ನೆರಡು ಕೋಳಿ, ಒಬ್ಬ ಅಜ್ಜಿ, ಶಾಲೆಗೆ ಹೋಗುವ ಅವಳ ಮೊಮ್ಮಗಳು. ಅಜ್ಜಿ ಕಿಕುಯು ಜನಾಂಗದವಳು. ಕಿಕುಯು ಭಾಷೆಯಲ್ಲಿ ಅಜ್ಜಿಗೆ ಶೋಶೋ ಎನ್ನುತ್ತಾರೆ. ಕೇರಿಯವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಎಪ್ಪತ್ತೈದು ದಾಟಿದ ದೇಹ. ತಲೆಗೆ ಬಿಗಿದು ಕಟ್ಟಿದ ವಸ್ತ್ರ. ಬೆನ್ನಿಗೆ ಹೊರೆ ಹೊತ್ತು ಹೊತ್ತು ಹಣೆಯಲ್ಲಿ ಹಗ್ಗದ ಗುರುತು ನಿಂತಿತ್ತು. ನಮ್ಮಲ್ಲಿ ಹೊರೆಯನ್ನು ತಲೆಯ ಮೇಲೆ ಹೊರುತ್ತಾರೆ. ಅಲ್ಲಿ ಹಿಂದಿನ ಕಾಲದ ಹೆಂಗಸರು ಹಗ್ಗವನ್ನು ಹಣೆಗೆ ಕೊಟ್ಟು ಬೆನ್ನಿನ ಮೇಲೆ ಹೊರುತ್ತಿದ್ದರು.

ಏಪ್ರಿಲ್ ಎರಡನೆಯ ವಾರ ಮಗು ಹುಟ್ಟಿತು, ಹೆಣ್ಣು. ಮನೆಗೆ ಬಂದ ಮೇಲೆ ಕಷ್ಟ ಮೊದಲಾಯಿತು. ಅಕ್ಕನಿಗೆ ಹಾಲು ಸಾಲದು. ಮಗು ಅಳುತ್ತದೆ, ಅಕ್ಕ ಅಳುತ್ತಾಳೆ, ಇಬ್ಬರನ್ನೂ ನೋಡಿ ಅಮ್ಮ ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತಾಳೆ. ಆಸ್ಪತ್ರೆಯ ದಾದಿ ಬಂದು, ಗಾಬರಿಯಾಗಬೇಡಿ, ಮಗುವಿಗೆ ಮತ್ತೆ ಮತ್ತೆ ಮೊಲೆಯೂಡಿಸಿ, ಹಾಲು ತಾನಾಗಿ ಬರುತ್ತದೆ ಎಂದು ಹೇಳಿಹೋದಳು. ನಾನು ಅದನ್ನು ಅಮ್ಮನಿಗೆ ಕನ್ನಡಿಸಿ ಹೇಳಿದೆ. ಅಮ್ಮ ನನ್ನನ್ನೇ ದಾದಿಯೆಂದು ತಿಳಿದವಳಂತೆ ದುರುಗುಟ್ಟಿ ನೋಡಿದಳು.

ಮನೆಗೆ ಬಂದ ಮೂರನೆಯ ದಿನ ಮಧ್ಯಾಹ್ನ ಶೋಶೋ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಪಾತ್ರೆ. ಹಿಡಿಯಿಲ್ಲದ ಅಂಥ ಅಲ್ಯೂಮಿನಿಯಂ ಪಾತ್ರೆಗೆ ಅಲ್ಲಿ ಸುಫುರಿಯಾ ಎಂದು ಹೆಸರು. ಬಟ್ಟೆ ಸರಿಸಿ ತೋರಿಸಿದಳು. ಒಳಗೆ ನುಣ್ಣಗೆ ಅರೆದಂಥ, ಬೂದಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣದ ಒಂದು ಮುದ್ದೆ. ಬೇಸಿಗೆಯಲ್ಲಿ ಕೆರೆಯಿಂದ ತೆಗೆದ ಹೂಳಿನ ಬಣ್ಣ. ಹಬೆಯಾಡುತ್ತಿತ್ತು. ಮಲಗಿದ್ದ ಅಕ್ಕನ ಕಡೆ ಕೈ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, "ನ್ಜಾಹಿ" ಎಂದಳು. ನಕಾರವನ್ನು ಮೂಗಿನಲ್ಲಿಯೇ ಹಿಡಿದು ಜಕಾರಕ್ಕೆ ಜಾರಿಸಿದರೆ ಆ ಶಬ್ದ ಬರುತ್ತದೆ. ಅಮ್ಮ ಎರಡು ಕೈಯಲ್ಲಿ ಪಾತ್ರೆ ತೆಗೆದುಕೊಂಡಳು, ನಕ್ಕಳು, ಕುಳಿತುಕೊಳ್ಳಿ ಎಂದಳು. ಶೋಶೋ ಮಗುವನ್ನು ನೋಡಿ, ತನ್ನ ಭಾಷೆಯಲ್ಲಿ ಏನೋ ಹರಸಿ ಹೋದಳು.

ಬಾಗಿಲು ಹಾಕಿದೊಡನೆ ಅಮ್ಮ, "ಏನು ಹಾಕಿದ್ದಾರೋ ಯಾರಿಗೆ ಗೊತ್ತು, ಕಾಳಿನ ಹಾಗಿದೆ, ವಾಯು. ಬಾಣಂತಿಗೆ ಕೊಡೋದಲ್ಲ. ಹಿತ್ತಲಿಗೆ ಹಾಕಿಬಿಡೇ" ಎಂದಳು.

ವಾಯುವಿನ ಭಯ ಸುಳ್ಳಲ್ಲ. ಹಸಿ ಬಾಣಂತಿಗೆ ಕಾಳು ಕೊಟ್ಟರೆ ಮಗುವಿನ ಹೊಟ್ಟೆ ಉಬ್ಬರಿಸುತ್ತದೆಂದು ನಮ್ಮ ಕಡೆ ಯಾವ ಮನೆಯಲ್ಲಾದರೂ ಹೇಳುತ್ತಾರೆ. ಆದರೆ ಅದೊಂದೇ ಕಾರಣವಾಗಿರಲಿಲ್ಲ. ಆ ಪಾತ್ರೆಯಲ್ಲಿ ನೆನ್ನೆ ಏನು ಬೆಂದಿತ್ತೋ, ಆ ಮುದ್ದೆಯನ್ನು ಯಾವ ಕೈ ಕಲೆಸಿತೋ ಎಂಬ ಯೋಚನೆ ಅಮ್ಮನಿಗಿತ್ತು. ಅಮ್ಮನ ಮೇಲೆ ಹೊರಿಸುವುದೇಕೆ, ನನಗೂ ಇತ್ತು. ಬಿ. ಎ. ತರಗತಿಯಲ್ಲಿ ಸಮಾನತೆಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ಒಂಬತ್ತು ತೆಗೆದುಕೊಂಡವಳು ನಾನು. ಪಾತ್ರೆ ಎತ್ತಿಕೊಂಡು ಹೋಗಿ ಬಾಳೆಯ ಬುಡಕ್ಕೆ ಸುರಿದು, ಎರಡು ಒಣಗಿದ ಎಲೆ ಮುಚ್ಚಿ ಬಂದೆ. ಬರೀ ಪಾತ್ರೆಯನ್ನು ಹಿಂದಿರುಗಿಸಬಾರದೆಂದು ಅಮ್ಮ ಅದನ್ನು ತೊಳೆದು, ಒಂದು ಹಿಡಿ ಸಕ್ಕರೆ ಹಾಕಿ, ಸಂಜೆ ಮೊಮ್ಮಗಳ ಕೈಯಲ್ಲಿ ಕಳುಹಿಸಿದಳು. ನಮ್ಮ ಮರ್ಯಾದೆಯೆಲ್ಲ ಆ ಹಿಡಿ ಸಕ್ಕರೆಯಲ್ಲಿತ್ತು.

ಎರಡು ದಿನ ಕಳೆಯಿತು. ಹಾಲಿನ ಸ್ಥಿತಿ ಹಾಗೆಯೇ ಇತ್ತು. ಮೂರನೆಯ ದಿನ ಸಂಜೆ ಶೋಶೋ ಮತ್ತೆ ಬಂದಳು. ಈ ಸಲ ಮೊಮ್ಮಗಳನ್ನೂ ಕರೆತಂದಿದ್ದಳು. ಕೈಯಲ್ಲಿ ಸುಫುರಿಯಾ ಇರಲಿಲ್ಲ. ಕತ್ತಾಳೆಯ ನಾರಿನಿಂದ ಹೆಣೆದ ಬುಟ್ಟಿಯಿತ್ತು. ಇಂಥ ಬುಟ್ಟಿಗೆ ಕಿಯೊಂಡೊ ಎನ್ನುತ್ತಾರೆ. ಅಡುಗೆಮನೆಯ ನೆಲದ ಮೇಲೆ ಕುಳಿತು, ಮೊರ ಬೇಕೆಂದು ಕೈಸನ್ನೆ ಮಾಡಿದಳು. ಅಕ್ಕನ ಮನೆಯಲ್ಲಿ ಮೊರವಿರಲಿಲ್ಲ. ದೊಡ್ಡ ತಟ್ಟೆ ಕೊಟ್ಟೆ. ಬುಟ್ಟಿಯಿಂದ ಕಾಳು ಸುರಿದಳು.

ಅಮ್ಮ ಬಾಗಿ ನೋಡಿದವಳು ಹಾಗೆಯೇ ಕುಳಿತುಬಿಟ್ಟಳು. ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದಳು. ಕಡುಗಪ್ಪು ಕಾಳು, ಅದರ ಒಂದು ಅಂಚಿನಲ್ಲಿ ಉದ್ದಕ್ಕೂ ಸುಣ್ಣದಲ್ಲಿ ಗೆರೆ ಎಳೆದಂಥ ಬಿಳಿಯ ಹುಬ್ಬು.

"ಇದು ಅವರೆ ಕಣೇ!" ಎಂದಳು. "ಬಣ್ಣ ಕಪ್ಪು, ಅಷ್ಟೆ. ಹುಬ್ಬು ನೋಡೇ, ಹುಬ್ಬು!"

ಅಮ್ಮ ಮಾಗಡಿಯ ಕಡೆಯವಳು. ಅವರೆಯ ವಿಷಯದಲ್ಲಿ ಆ ಕಡೆಯವರನ್ನು ಯಾರೂ ಮೋಸಗೊಳಿಸಲಾರರು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ, ಮಂಜು ಬಿದ್ದಷ್ಟೂ ಕಾಯಿಗೆ ಸೊಗಡು ಹೆಚ್ಚುವ ಕಾಲದಲ್ಲಿ, ಅವಳ ತವರಿನಲ್ಲಿ ಹಿತಕಿದ ಬೇಳೆಯ ಸಾರಿಲ್ಲದ ದಿನವೇ ಇರಲಿಲ್ಲವಂತೆ. ಅವಳು ಹೇಳಿದ್ದು ನಿಜ. ನ್ಜಾಹಿಯೂ ನಮ್ಮ ಅವರೆಯೂ ಒಂದೇ ಸಸ್ಯ. ಸಸ್ಯಶಾಸ್ತ್ರದವರು ಎರಡನ್ನೂ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್ ಎಂದೇ ಕರೆಯುತ್ತಾರೆ. ಅದರ ಕಾಡುಬಳ್ಳಿ ಇಂದಿಗೂ ಪೂರ್ವ ಆಫ್ರಿಕದಲ್ಲಿ ಬೆಳೆಯುತ್ತದೆ. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ, ಮೂರು ಸಾವಿರ ವರ್ಷಕ್ಕೂ ಹಿಂದಿನ ಪದರಗಳಲ್ಲಿ, ಸುಟ್ಟು ಕರಿದಾದ ಅವರೆ ಕಾಳು ದೊರೆತಿದೆ. ರಾಗಿಯೂ ಅದೇ ಖಂಡದ ಎತ್ತರದ ನೆಲದಿಂದ ನಮ್ಮಲ್ಲಿಗೆ ಬಂದದ್ದು. ಇದನ್ನು ಆಮೇಲೆ ಓದಿಕೊಂಡು ಅಮ್ಮನಿಗೆ ಹೇಳಿದೆ. "ಹಾಗಾದರೆ ನಮ್ಮ ಮಾಗಡಿಯದಲ್ಲವೆ?" ಎಂದು ಅವಳು ಒಂದು ಗಳಿಗೆ ಪೆಚ್ಚಾದಳು. ಆಮೇಲೆ, "ಪುಸ್ತಕದವರಿಗೇನು, ಏನು ಬೇಕಾದರೂ ಬರೀತಾರೆ" ಎಂದಳು.

ಆದರೆ ಅವರೆಯೆಂದು ಗುರುತು ಸಿಕ್ಕಿದ್ದರಿಂದ ಅಮ್ಮನ ಕಷ್ಟ ಇಮ್ಮಡಿಯಾಯಿತು. ಗುರುತಿಲ್ಲದ ಕಾಳಾಗಿದ್ದರೆ ಅನುಮಾನ ಮಾತ್ರ. ಅವರೆಯಾದರೆ ಖಂಡಿತವಾಗಿ ವಾಯು. "ಅವರೇನ ಬಾಣಂತಿಗೆ ಯಾರಾದರೂ ಕೊಡುತ್ತಾರೆಯೆ, ಕೇಳು" ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಮೊಮ್ಮಗಳು ಕಿಕುಯುವಿನಲ್ಲಿ ಕೇಳಿದಳು. ಶೋಶೋ ಕಣ್ಣರಳಿಸಿ ಅಮ್ಮನನ್ನು ನೋಡಿದಳು. ಉತ್ತರ ಎರಡು ಭಾಷೆ ದಾಟಿ ಬಂತು: "ಬಾಣಂತಿಗಲ್ಲದೆ ಮತ್ತೆ ಯಾರಿಗೆ ಕೊಡುತ್ತೀರಿ?"

ಇಲ್ಲಿ ಕತೆ ನಿಲ್ಲಿಸಿ ಕಾಳಿನ ಮಾತನ್ನು ಸ್ವಲ್ಪ ಹೇಳಬೇಕು. ಕಿಕುಯು ಜನರಿಗೆ ನ್ಜಾಹಿ ಎಂಬುದು ಹತ್ತು ಕಾಳುಗಳಲ್ಲಿ ಹನ್ನೊಂದನೆಯದಲ್ಲ. ಮಾರ್ಚಿನಿಂದ ಮೇವರೆಗೆ ಸುರಿಯುವ ದೊಡ್ಡ ಮಳೆಗೆ ಅವರ ಹೆಸರೇ ನ್ಜಾಹಿಯ ಮಳೆ. ನಾವು ಮಳೆಗಳಿಗೆ ನಕ್ಷತ್ರದ ಹೆಸರಿಟ್ಟೆವು. ಅವರು ಕಾಳಿನ ಹೆಸರಿಟ್ಟರು. ಆ ಮಳೆಯ ನಂತರದ ಸುಗ್ಗಿಗೂ ಅದೇ ಹೆಸರು. ಕೆನ್ಯಾದ ಮೊದಲ ಅಧ್ಯಕ್ಷರಾದ ಜೋಮೋ ಕೆನ್ಯಾಟ್ಟಾ ತಮ್ಮ ಜನಾಂಗದ ಮೇಲೆ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದೇವರು ವಾಸಿಸುವ ನಾಲ್ಕು ಬೆಟ್ಟಗಳನ್ನು ಹೇಳುತ್ತಾರೆ. ಮೊದಲನೆಯದು ಕಿರಿನ್ಯಾಗ, ಎಂದರೆ 5199 ಮೀಟರ್ ಎತ್ತರದ ಕೆನ್ಯಾ ಪರ್ವತ. ಪೂರ್ವ ದಿಕ್ಕಿನ ಬೆಟ್ಟಕ್ಕೆ ನ್ಜಾಹಿಯ ಬೆಟ್ಟವೆಂದು ಹೆಸರು. ಅದು ಥೀಕಾದಿಂದ ಕಾಣುತ್ತದೆ. ನಕ್ಷೆಯಲ್ಲಿ ಓಲ್ ಡೊನ್ಯೊ ಸಾಬುಕ್ ಎಂದು ಬರೆದಿರುತ್ತದೆ. ಬೆಳಗ್ಗೆ ಒಗೆದ ಬಟ್ಟೆ ಹರವುವಾಗ ನಾನು ದಿನವೂ ನೋಡುತ್ತಿದ್ದ ಆ ಗುಡ್ಡಕ್ಕೂ ನಾನು ಬಾಳೆಯ ಬುಡಕ್ಕೆ ಸುರಿದ ಮುದ್ದೆಗೂ ಒಂದೇ ಹೆಸರೆಂದು ತಿಳಿಯುವ ವೇಳೆಗೆ ನಾನು ಊರಿಗೆ ಬಂದಾಗಿತ್ತು.

ಮದುವೆಯ ಮಾತುಕತೆಗೂ ಹಬ್ಬಕ್ಕೂ ಈ ಕಾಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆತ್ತ ಹೆಂಗಸಿಗೆ ಬೇಕು. ಹೋದ ರಕ್ತ ಬರಲು, ಹಾಲು ಇಳಿಯಲು ಅದೇ ಪಥ್ಯ. ನೂರು ಗ್ರಾಂ ಒಣಕಾಳಿನಲ್ಲಿ ಸುಮಾರು 24 ಗ್ರಾಂ ಸಸಾರಜನಕವಿರುವುದರಿಂದ ಆ ನಂಬಿಕೆ ಪೂರ್ತಿ ನೆಲೆಯಿಲ್ಲದ್ದೇನೂ ಅಲ್ಲ. ಇಷ್ಟಾದರೂ ಇಂದು ಕೆನ್ಯಾದ ಸಂತೆಗಳಲ್ಲಿ ರಾಶಿ ರಾಶಿಯಾಗಿ ಕಾಣುವುದು ನ್ಜಾಹಿಯಲ್ಲ, ಹುರುಳಿಕಾಯಿಯ ಜಾತಿಯ ಕೆಂಪು, ಚುಕ್ಕೆ ಕಾಳುಗಳು. ಬ್ರಿಟಿಷ್ ಸರಕಾರ ಪೇಟೆಗೂ ರಫ್ತಿಗೂ ಒದಗುವ ಆ ಕಾಳುಗಳನ್ನೇ ಬೆಳೆಯಿರೆಂದು ಒತ್ತಾಯಿಸುತ್ತ ಬಂದದ್ದರಿಂದ ಹೆಂಗಸರ ಹೊಲಗಳಿಂದ ನ್ಜಾಹಿ ಹೇಗೆ ಹಿಂದೆ ಸರಿಯಿತೆಂಬುದನ್ನು ಕ್ಲೇರ್ ರಾಬರ್ಟ್‌ಸನ್ ಎಂಬ ಇತಿಹಾಸಕಾರ್ತಿ 1997ರಲ್ಲಿ ವಿವರವಾಗಿ ಬರೆದಿದ್ದಾರೆ. ಈಗ ಸಂತೆಯಲ್ಲಿ ಗೊರೊಗೊರೊ ಎಂಬ ಎರಡು ಕಿಲೋ ಹಿಡಿಯುವ ತಗಡಿನ ಡಬ್ಬಿಯಲ್ಲಿ ಅಳೆದು ಕೊಡುವಾಗ ನ್ಜಾಹಿಗೆ ಬೇರೆ ಕಾಳುಗಳಿಗಿಂತ ಹೆಚ್ಚು ಬೆಲೆ. ಶೋಶೋ ನಮಗೆ ತಂದದ್ದು ಅವಳ ತೋಟದ ಬೆಳೆಯಲ್ಲ, ಕೊಂಡು ತಂದದ್ದು.

ಅಮ್ಮ ಇನ್ನೂ ಅನುಮಾನಿಸುತ್ತಿರುವುದನ್ನು ನೋಡಿ ಶೋಶೋ ಕಾಳು ಆರಿಸುತ್ತಲೇ ಒಂದು ಮಾತು ಹೇಳಿದಳು. ಮೊಮ್ಮಗಳಿಗೂ ಅದು ಹೊಸದೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. 1952ರಲ್ಲಿ ಬ್ರಿಟಿಷರು ಆ ದೇಶದಲ್ಲಿ ತುರ್ತುಪರಿಸ್ಥಿತಿ ಸಾರಿದರು. 1954ರಿಂದ ಸುಮಾರು 10 ಲಕ್ಷ ಕಿಕುಯು ಜನರನ್ನು ಅವರವರ ತೋಟಗಳಿಂದ ಎಬ್ಬಿಸಿ, ಕಂದಕ ತೋಡಿ ಮುಳ್ಳುಬೇಲಿ ಹಾಕಿದ ಹಳ್ಳಿಗಳಲ್ಲಿ ಕೂಡಿದರು. ಹೊಲಕ್ಕೆ ಹೋಗಲು ದಿನಕ್ಕೆ ಇಷ್ಟೇ ಹೊತ್ತೆಂದು ಕಟ್ಟು. ಆಗ ಶೋಶೋಗೆ ಎಂಟೋ ಒಂಬತ್ತೋ ವರ್ಷ. ಅವಳ ತಾಯಿ ಆ ಬೇಲಿಯೊಳಗೆ ಒಂದು ಗಂಡುಮಗುವನ್ನು ಹೆತ್ತಳು. ನೆರೆಯ ಹೆಂಗಸರು ನ್ಜಾಹಿಗಾಗಿ ಮನೆ ಮನೆ ಕೇಳಿದರು. ಒಂದು ಮುಷ್ಟಿಯೂ ಸಿಕ್ಕಲಿಲ್ಲ. "ಅಮ್ಮನಿಗೆ ಹಾಲು ಬರಲಿಲ್ಲ" ಎಂದಳು ಶೋಶೋ. ಆ ಮಗು ಏನಾಯಿತೆಂದು ಮೊಮ್ಮಗಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹೇಳಿದ್ದನ್ನು ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ತಾನೂ ಆರಿಸತೊಡಗಿದಳು.

ರಾತ್ರಿ ಕಾಳು ನೆನೆಯಿತು. ಬೆಳಗ್ಗೆ ಶೋಶೋ ತನ್ನ ಇದ್ದಿಲ ಒಲೆಯನ್ನೂ ಹೊತ್ತು ತಂದಳು. ಅದಕ್ಕೆ ಜೀಕೊ ಎನ್ನುತ್ತಾರೆ. ಅಮ್ಮ ಅಕ್ಕನ ಕುಕ್ಕರನ್ನು ಮುಂದಿಟ್ಟಳು. ಶೋಶೋ ಅದನ್ನು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು: ಮುಚ್ಚಿಟ್ಟ ಪಾತ್ರೆಯೊಳಗೆ ಕಾಳು ಏನು ಮಾಡುತ್ತಿದೆಯೆಂದು ತಿಳಿಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಕೊನೆಗೆ ಅಕ್ಕನ ಮನೆಯ ದೊಡ್ಡ ಪಾತ್ರೆಯಲ್ಲಿಯೇ ಬೇಯಿಸುವುದೆಂದಾಯಿತು. ಮೊದಲ ಕುದಿ ಬಂದು ಅರ್ಧ ಗಂಟೆಯಾದ ಮೇಲೆ ನೀರನ್ನೆಲ್ಲ ಬಸಿದು ಚೆಲ್ಲಿಸಿದಳು. ಶಾಯಿಯಂಥ ಕಪ್ಪು ನೀರು. ಕಟ್ಟು ಚೆಲ್ಲುವುದನ್ನು ಕಂಡು ಅಮ್ಮನ ಜೀವ ಹೋಯಿತು. ನಮ್ಮಲ್ಲಾದರೆ ಅದರಲ್ಲಿಯೇ ಸಾರು. ಆದರೆ ಇದು ಚೆಲ್ಲಲೇಬೇಕಾದ ನೀರು. ಒಣಗಿದ ಕರಿಕಾಳಿನಲ್ಲಿ ಕಹಿಯೂ ಅಷ್ಟಿಷ್ಟು ವಿಷದ ಅಂಶವೂ ಉಂಟು. ನೆನೆಸಿ, ಬೇಯಿಸಿ, ನೀರು ಚೆಲ್ಲಿದರೆ ಅದು ಕಳೆಯುತ್ತದೆ. ಮತ್ತೆ ಬಿಸಿನೀರು ಹೊಯ್ದು ಎರಡು ಗಂಟೆ ಬೇಯಿಸಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಸುಕಿದರೆ ಸಿಪ್ಪೆ ಸಹಿತ ಕರಗಬೇಕು. ನಮ್ಮಮ್ಮ ಒಂದು ಕಾಳು ಹಿಸುಕಿದಳು. ಹಿತಕಿದ ಬೇಳೆಯ ಅಭ್ಯಾಸದ ಕೈ. ಬೇಳೆ ಚಿಮ್ಮಿ ಶೋಶೋಳ ಮಡಿಲಿಗೆ ಬಿತ್ತು. ಇಬ್ಬರೂ ನಕ್ಕರು. ಅವರಿಬ್ಬರೂ ದುಭಾಷಿಗಳ ಸಹಾಯವಿಲ್ಲದೆ ನಡೆಸಿದ ಮೊದಲ ಸಂಭಾಷಣೆ ಅದು.

ಹಸಿ ಬಾಳೆಕಾಯಿಗಳನ್ನು ಸುಲಿದು ಕಾಳಿನ ಮೇಲಿಟ್ಟು ಮತ್ತೆ ಬೇಯಿಸಿದರು. ಕಾಯಿ ಬೆಂದ ಮೇಲೆ ಒಂದೆರಡು ಮಾಗಿದ ಹಣ್ಣು, ಉಪ್ಪು. ಆಮೇಲೆ ಮಸೆಯುವ ಕೆಲಸ. ಅದಕ್ಕೆ ಮ್ವಿಕೊ ಎಂಬ ಮರದ ಚಪ್ಪಟೆ ಕೋಲಿದೆ. ಶೋಶೋ ಪಾತ್ರೆಯನ್ನು ಎರಡು ಪಾದಗಳ ನಡುವೆ ಬಟ್ಟೆಯಿಂದ ಒತ್ತಿಹಿಡಿದು ಮಸೆದಳು. ಒತ್ತುವುದು, ತಿರುಗಿಸುವುದು, ಅಂಚಿನಿಂದ ಕೆರೆದು ನಡುವಿಗೆ ತರುವುದು. ಐದು ನಿಮಿಷದಲ್ಲಿ ಅವಳಿಗೆ ಏದುಸಿರು ಬಂತು. ಅಮ್ಮ ಕೋಲನ್ನು ಅವಳ ಕೈಯಿಂದ ತೆಗೆದುಕೊಂಡಳು. ಮುದ್ದೆ ತೊಳಸಿ ಬೆಳೆದ ತೋಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟಿಲ್ಲದಂತೆ ಕೂಡಿಬಂದಾಗ ಶೋಶೋ ತಲೆದೂಗಿದಳು. ಆ ಕ್ಷಣವನ್ನೇ ಕಾದಿದ್ದವಳಂತೆ ಅಮ್ಮ, ಮೊದಲೇ ಸಿದ್ಧಮಾಡಿದ್ದ ತುಪ್ಪದ ಒಗ್ಗರಣೆಯನ್ನು, ಅದರಲ್ಲಿ ಕಂದಿದ ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಕಡಲೆಗಾತ್ರ ಇಂಗು, ಎಲ್ಲವನ್ನೂ ಸುರಿದುಬಿಟ್ಟಳು. ಇಂಗಿನ ವಾಸನೆಗೆ ಶೋಶೋ ಸೆರಗಿನಿಂದ ಮೂಗು ಮುಚ್ಚಿದಳು. ಕೆನ್ಯಾಟ್ಟಾ ಅವರ ಗ್ರಂಥದಲ್ಲಿ ಇಂಥ ನ್ಜಾಹಿ ಖಂಡಿತವಾಗಿ ಇಲ್ಲ.

ಅಕ್ಕ ಎರಡು ಬಟ್ಟಲು ತಿಂದಳು. ನಾವೂ ತಿಂದೆವು, ಶೋಶೋ ನಮ್ಮ ತಟ್ಟೆಗಳಿಗೆ ತಾನೇ ಬಡಿಸಿದಳು. ರುಚಿ ಹೇಗಿತ್ತೆಂದರೆ, ಬಾಯಿಗಿಟ್ಟಾಗ ಗೆಣಸಿನ ಸಿಹಿ, ನುಂಗುವಾಗ ಮಣ್ಣಿನ ಘಮ, ನುಂಗಿದ ಮೇಲೆ ನಾಲಗೆಯ ಹಿಂದೆ ಸಣ್ಣಗೆ ಅವರೆ. ಮಾಗಡಿಯ ಸೊಗಡಲ್ಲ, ಸೊಗಡಿನ ದೂರದ ನೆಂಟ. ಮಗುವಿನ ಹೊಟ್ಟೆ ಉಬ್ಬರಿಸಲಿಲ್ಲ. ನಾಲ್ಕೈದು ದಿನಗಳಲ್ಲಿ ಹಾಲು ಸರಿಹೋಯಿತು. ಬೆಳ್ಳುಳ್ಳಿಯಿಂದ ಎಂದು ಅಮ್ಮ, ನ್ಜಾಹಿಯಿಂದ ಎಂದು ಶೋಶೋ, ಮತ್ತೆ ಮತ್ತೆ ಮೊಲೆಯೂಡಿಸಿದ್ದರಿಂದ ಎಂದು ಆಸ್ಪತ್ರೆಯ ದಾದಿ. ಅಕ್ಕ ಮೂವರಿಗೂ ಹೌದೆಂದಳು.

ಉಳಿದ ವಾರಗಳಲ್ಲಿ ಮೂರು ದಿನಕ್ಕೊಮ್ಮೆ ಆ ಅಡುಗೆ ನಡೆಯಿತು; ಒಮ್ಮೆ ಶೋಶೋಳ ಅಡುಗೆಮನೆಯಲ್ಲಿ, ಅವಳ ಸುಫುರಿಯಾದಲ್ಲಿಯೇ. ಇಂಗು ಮಾತ್ರ ಅಲ್ಲಿ ಒಳಗೆ ಬರಲಿಲ್ಲ.

ಹೊರಡುವ ಹಿಂದಿನ ಸಂಜೆ ನಾನು ಮೊಮ್ಮಗಳನ್ನು ಜೊತೆಯಲ್ಲಿರಿಸಿಕೊಂಡು ಶೋಶೋಳ ಬಳಿಗೆ ಹೋದೆ. ಆ ಮೊದಲ ದಿನದ ಮಾತು ನನ್ನನ್ನು ಬಿಟ್ಟಿರಲಿಲ್ಲ. ಅವಳು ಕೋಳಿಗಳನ್ನು ಗೂಡಿಗೆ ಸೇರಿಸುತ್ತಿದ್ದಳು. ನಾನು ಹೇಗೋ ತೊದಲಿ ಹೇಳಿದೆ: ಮೊದಲು ನೀನು ತಂದ ನ್ಜಾಹಿಯನ್ನು ಅಕ್ಕ ತಿನ್ನಲಿಲ್ಲ, ನಾನು ಚೆಲ್ಲಿದೆ. ಹುಡುಗಿ ಒಮ್ಮೆ ನನ್ನ ಮುಖ ನೋಡಿ, ಹೇಳಲೋ ಬೇಡವೋ ಎಂದು ನಿಂತು, ಕೊನೆಗೆ ಹೇಳಿದಳು.

ಶೋಶೋ ಒಂದು ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡೇ ನಕ್ಕಳು. ಅವಳಿಗೆ ಮಾರನೆಯ ಬೆಳಗ್ಗೆಯೇ ತಿಳಿದಿತ್ತಂತೆ. ಕೋಳಿಗಳು ಬೇಲಿ ನುಸುಳಿ ಹೋಗಿ ನಮ್ಮ ಬಾಳೆಯ ಬುಡದಲ್ಲಿ ಕೆದಕುತ್ತಿದ್ದವಂತೆ. ಮನೆಗೆ ಬಂದಾಗ ಎಲ್ಲವುಗಳ ಕೊಕ್ಕೂ ನೇರಳೆ. "ಅದಕ್ಕೇ ಆಮೇಲೆ ಹಸಿ ಕಾಳು ತಂದೆ" ಎಂದಳು. ಕಂಕುಳಲ್ಲಿದ್ದ ಕೋಳಿಯನ್ನು ಗೂಡಿಗೆ ಬಿಟ್ಟು, ಬಾಗಿಲು ಹಾಕಿ, ಒಳಗಿನಿಂದ ನಾಲ್ಕು ಮೊಟ್ಟೆ ತಂದು ನನ್ನ ಕೈಗಿಟ್ಟಳು. ನಾವು ಮೊಟ್ಟೆ ತಿನ್ನುವವರಲ್ಲ. ತೆಗೆದುಕೊಂಡೆ.